ಪ್ಯಾಲಡಿನ್‌ಗೆ ದೈವಕೃಪೆಯ ನಿಯಮ: ಪಾಯಿಂಟ್ ಲೆಕ್ಕ ಕೈಕೊಟ್ಟಿದೆ, ಐಡಿಯಾ ಕೊಡಿ

ಗುರಾಣಿ_ಗದೆ
ಎಲ್ಲರಿಗೂ ನಮಸ್ಕಾರ. ನಾನು ನಮ್ಮ ಗುಂಪಿನ ಡಿಎಂ, ಅಂದರೆ ಆಟ ನಡೆಸುವವನು. ನಿಯಮ 2014ರ ಐದನೇ ಆವೃತ್ತಿಯ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್), ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುವ ಆಟ. ಲೋಕ, ದೇವರುಗಳು ಎಲ್ಲ ಸ್ವಂತ ಸೃಷ್ಟಿ.

ಗುಂಪಿನಲ್ಲಿ ಒಬ್ಬ ಪ್ಯಾಲಡಿನ್ ಇದ್ದಾನೆ. ಹಗಲೊಡೆಯ ಅನ್ನೋ ಸೂರ್ಯದೇವರ ಯೋಧ. ಸ್ಮೈಟ್ (ದೈವಬಲದ ಹೊಡೆತ) ಹೊಡೆಯುವುದು, ಗಾಯ ವಾಸಿ ಮಾಡುವುದು ಬಿಟ್ಟರೆ ಆ ದೇವರ ನೆನಪೇ ಅವನಿಗೆ ಬರುತ್ತಿರಲಿಲ್ಲ. ಅದಕ್ಕೆ ಒಂದು ಹೌಸ್ ರೂಲ್ (ನಮ್ಮ ಸ್ವಂತ ನಿಯಮ) ತಂದೆ. ಕೃಪೆ ಅಂತ 0ಯಿಂದ 10ರವರೆಗೆ ಒಂದು ಅಂಕ. ಒಳ್ಳೆ ಕೆಲಸಕ್ಕೆ ಒಂದು ಜಾಸ್ತಿ, ಕೆಟ್ಟ ಕೆಲಸಕ್ಕೆ ಒಂದು ಕಡಿಮೆ, ತೀರಾ ಕೆಟ್ಟದ್ದಕ್ಕೆ ಎರಡು. 8 ದಾಟಿದರೆ ಪ್ರತಿ ದಾಳಿಗೂ +2. 3ಕ್ಕಿಂತ ಕೆಳಗೆ ಬಂದರೆ ಸ್ಮೈಟ್ ಬಂದ್.

ಈಗ ಏನಾಗಿದೆ ಅಂದರೆ, ಯಾವ ಊರಿಗೆ ಕಾಲಿಟ್ಟರೂ ಅವನು ಮೊದಲು ಭಿಕ್ಷುಕರನ್ನು ಹುಡುಕುತ್ತಾನೆ. ಒಂದು ತಾಮ್ರದ ಕಾಸು ಹಾಕಿ ನನ್ನ ಮುಖ ನೋಡುತ್ತಾನೆ. "ಒಳ್ಳೆ ಕೆಲಸ ಅಲ್ವಾ?" ಇನ್ನೊಬ್ಬ ಭಿಕ್ಷುಕ, ಇನ್ನೊಂದು ಕಾಸು, ಮತ್ತೆ ನನ್ನ ಮುಖ.

ಹೋದ ಸಲ ಇದಕ್ಕಿಂತ ರಗಳೆ ಆಯ್ತು. ಒಬ್ಬ ದರೋಡೆಕೋರ ಸೆರೆ ಸಿಕ್ಕಿದ್ದ. ಮರಕ್ಕೆ ಕಟ್ಟಿ ಹಾಕಿದ್ದರು. ಬಿಟ್ಟರೆ ತನ್ನ ಕಡೆಯವರಿಗೆ ಸುದ್ದಿ ಮುಟ್ಟಿಸುತ್ತಾನೆ. ಪ್ಯಾಲಡಿನ್ ಕತ್ತಿ ಎಳೆದು ಕೊಂದುಬಿಟ್ಟ. "ಎರಡು ಕಡಿಮೆ ಮಾಡಿಕೋ" ಅಂದೆ. "ಹಗಲೊಡೆಯ ನ್ಯಾಯದ ದೇವರು ಅಂತ ನೀನೇ ಹೇಳಿದ್ದೆ. ಅವನು ಮೂರು ಜನರನ್ನು ಕೊಂದಿದ್ದಾನೆ. ಇದು ನ್ಯಾಯ" ಅಂದ. ವಾದ ಶುರು. ಕೊನೆಗೆ ರಬ್ಬರ್ ತಗೊಂಡು ಪಾತ್ರದ ಶೀಟಿನಲ್ಲಿದ್ದ ಕೃಪೆಯ 4 ಅನ್ನು ಎಷ್ಟು ಜೋರಾಗಿ ಉಜ್ಜಿದ ಅಂದರೆ ಕಾಗದ ತೂತಾಯ್ತು. ಮಿಕ್ಕವರೆಲ್ಲ ಮೊಬೈಲ್ ನೋಡುತ್ತಾ ಕೂತಿದ್ದರು.

ನಿಯಮ ಪೂರ್ತಿ ಕಿತ್ತುಹಾಕಲು ಮನಸ್ಸಿಲ್ಲ. ದೇವರು ಆಟದಲ್ಲಿ ಇರಬೇಕು. ಹೇಗೆ?

ಇಪ್ಪತ್ತುಮುಖ
ಕೈಕಾಲು ಕಟ್ಟಿದವನನ್ನು ಕೊಂದಿದ್ದಕ್ಕೆ ಬರೀ ಎರಡಾ? ನಾನಾಗಿದ್ದರೆ ಕುದುರೆ ಸಮೇತ ಎಲ್ಲ ಕಿತ್ತುಕೊಳ್ಳುತ್ತಿದ್ದೆ.

ಹಳೇಪುಟ
ಈ ಜಗಳಕ್ಕೆ ಆಟದಷ್ಟೇ ವಯಸ್ಸಾಗಿದೆ ಗುರು. ಪ್ಯಾಲಡಿನ್ ಬಂದಿದ್ದು 1975ರ ಪೂರಕ ಪುಸ್ತಕದಲ್ಲಿ. ಕರಿಷ್ಮಾ (ವರ್ಚಸ್ಸಿನ ಅಂಕ) ಕನಿಷ್ಠ 17 ಇರಬೇಕು, ಲಾಫುಲ್ (ಶಿಸ್ತಿಗೆ ಬದ್ಧ) ಆಗಿರಬೇಕು. 1978ರ ಅಡ್ವಾನ್ಸ್ಡ್ ನಿಯಮದಲ್ಲಿ ಇನ್ನೂ ಬಿಗಿ. ಮ್ಯಾಜಿಕ್ ವಸ್ತು ಹತ್ತಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಆದಾಯದಲ್ಲಿ ಹತ್ತನೇ ಒಂದು ಭಾಗ ದಾನ. ಗೊತ್ತಿದ್ದೂ ಕೆಟ್ಟ ಕೆಲಸ ಮಾಡಿದರೆ ಪದವಿ ಅಲ್ಲೇ ಹೋಯ್ತು, ಜನ್ಮದಲ್ಲಿ ವಾಪಸ್ ಬರಲ್ಲ.

2000ದ ಮೂರನೇ ಆವೃತ್ತಿಯಲ್ಲೂ ಶಕ್ತಿ ಹೋಗುತ್ತಿತ್ತು, ಆದರೆ ಪ್ರಾಯಶ್ಚಿತ್ತದ ಸ್ಪೆಲ್ (ಮಂತ್ರ) ಹಾಕಿಸಿಕೊಂಡು ಮರಳಿ ಪಡೆಯಬಹುದಿತ್ತು. 2008ರ ನಾಲ್ಕನೆಯದರಲ್ಲಿ ಉಲ್ಟಾ ಹೊಡೆದರು. ಒಮ್ಮೆ ದೀಕ್ಷೆ ಆದರೆ ಮುಗೀತು, ದೇವರೂ ಕಿತ್ತುಕೊಳ್ಳುವ ಹಾಗಿಲ್ಲ. ಐದನೆಯದರಲ್ಲಿ ಅಲೈನ್‌ಮೆಂಟ್ (ಪಾತ್ರ ಒಳ್ಳೆಯದೋ ಕೆಟ್ಟದ್ದೋ, ಶಿಸ್ತಿನದೋ ಅಲ್ಲವೋ ಅನ್ನೋ ಗುರುತು) ಬದಲು ಪ್ರತಿಜ್ಞೆಗೆ ಒತ್ತು. ಬರೆದವರಿಗೇ ಒಂದು ನಿರ್ಧಾರಕ್ಕೆ ಬರಲು ಆಗಿಲ್ಲ. ನೀವು ತಲೆ ಕೆಡಿಸಿಕೊಳ್ಳಬೇಡಿ.

ಇಪ್ಪತ್ತುಮುಖ
@ಹಳೇಪುಟ 1978ರ ನಿಯಮದಲ್ಲೂ ತಪ್ಪೊಪ್ಪಿಗೆ ಇತ್ತಲ್ಲ. ಕ್ಲೆರಿಕ್ (ಪುರೋಹಿತ) ಹತ್ತಿರ ಹೋಗಿ ಹೇಳಿಕೊಂಡರೆ ಆಗುತ್ತಿತ್ತು.

ಹಳೇಪುಟ
ಅದು ಕೇಯಾಟಿಕ್ (ಶಿಸ್ತು ಮೀರಿದ) ಕೆಲಸಕ್ಕೆ. 7ನೇ ಹಂತ ಅಥವಾ ಮೇಲಿನ ಲಾಫುಲ್ ಗುಡ್ ಕ್ಲೆರಿಕ್ ಹುಡುಕಿ, ಹೇಳಿಕೊಂಡು, ಅವನು ಕೊಟ್ಟ ಶಿಕ್ಷೆ ಮುಗಿಸಬೇಕು. ಈವಿಲ್ (ಕೆಟ್ಟ) ಕೆಲಸಕ್ಕೆ ಆ ಬಾಗಿಲು ಇರಲಿಲ್ಲ. ಎರಡನ್ನೂ ಒಂದೇ ಮಾಡಬೇಡಿ.

ಮೂಲೆದಾಳ
ಇತಿಹಾಸ ಆಮೇಲೆ. @ಗುರಾಣಿ_ಗದೆ, ನಿಮ್ಮ ತೊಂದರೆ ಅಂಕದ್ದಲ್ಲ, ತೀರ್ಪಿನದು. "ಒಳ್ಳೆಯದು", "ಕೆಟ್ಟದ್ದು" ಅಂತ ಬರೆದ ಕ್ಷಣವೇ ನೀವು ನ್ಯಾಯಾಧೀಶರಾದಿರಿ. ಆಟಗಾರ ದೇವರ ಜೊತೆ ಮಾತಾಡುತ್ತಿಲ್ಲ, ನಿಮ್ಮ ಜೊತೆ ಚೌಕಾಸಿ ಮಾಡುತ್ತಿದ್ದಾನೆ. ನಿಮ್ಮ ಮುಖ ನೋಡುತ್ತಾನೆ ಅಂದಿರಲ್ಲ, ಅದೇ ಸಾಕ್ಷಿ.

ಒಳ್ಳೆಯದು ಕೆಟ್ಟದ್ದು ಬಿಡಿ. ಆ ದೇವರಿಗೆ ಏನು ಇಷ್ಟ, ಏನು ಆಗಿ ಬರಲ್ಲ ಅಷ್ಟೇ ಬರೆಯಿರಿ. ಮೂರು ವಿಧಿ, ಮೂರು ನಿಷೇಧ. ಪಾತ್‌ಫೈಂಡರ್ ಅನ್ನೋ ಇದೇ ಥರದ ಆಟದ ಎರಡನೇ ಆವೃತ್ತಿ 2019ರಲ್ಲೇ ಪ್ರತಿ ದೇವರಿಗೂ ಹೀಗೆ ಪಟ್ಟಿ ಕೊಟ್ಟಿತ್ತು. ಹಗಲೊಡೆಯನ ಪಟ್ಟಿಯಲ್ಲಿ "ಶರಣಾದವನ ಮೇಲೆ ಕೈ ಎತ್ತಬಾರದು" ಅಂತ ಮೊದಲೇ ಇದ್ದಿದ್ದರೆ ಆ ವಾದವೇ ಇರುತ್ತಿರಲಿಲ್ಲ. ಕೊಲ್ಲುವುದು ಬಿಡುವುದು ಅವನ ಇಷ್ಟ, ಬೆಲೆ ಮಾತ್ರ ಮೊದಲೇ ಗೊತ್ತು.

ಆ ಪಟ್ಟಿಯ ಅರ್ಧವನ್ನಾದರೂ ಆಟಗಾರನೇ ಬರೆಯಲಿ. ತಾನೇ ಬರೆದ ವ್ರತದ ಬಗ್ಗೆ ಯಾರೂ ಅಷ್ಟು ಜಗಳ ಆಡಲ್ಲ.

ಇಪ್ಪತ್ತುಮುಖ
ಹೌದಾ? ನಮ್ಮ ಗುಂಪಿನಲ್ಲಿ ಒಬ್ಬ "ಡ್ರ್ಯಾಗನ್ ಮೇಲೆ ಸವಾರಿ ಮಾಡುವುದಿಲ್ಲ" ಅಂತ ವ್ರತ ಬರೆದ. 2ನೇ ಹಂತದಲ್ಲಿ. ಮಹಾ ತ್ಯಾಗ!

ಮೂಲೆದಾಳ
ಬರೆಯಲಿ ಬಿಡಿ. ಆ ಸೆಷನ್‌ನಲ್ಲಿ ವ್ರತದಿಂದ ಏನಾದರೂ ಕಳೆದುಕೊಂಡರೆ ಮಾತ್ರ ಕೃಪೆ. ಹಣವೋ, ಸಮಯವೋ, ಗಾಯವೋ, ಸಿಗಬೇಕಾಗಿದ್ದ ಅನುಕೂಲವೋ, ಏನೋ ಒಂದು. ಡ್ರ್ಯಾಗನ್ ಬರದೇ ಇದ್ದರೆ ಅವನಿಗೆ ಸೊನ್ನೆ. ತಾನಾಗಿಯೇ ಬದಲಾಯಿಸುತ್ತಾನೆ. ಭಿಕ್ಷುಕರ ಸಮಸ್ಯೆಗೂ ಇದೇ ಮದ್ದು. ಚೀಲದಲ್ಲಿ ಸಾವಿರ ಚಿನ್ನದ ನಾಣ್ಯ ಇಟ್ಟುಕೊಂಡು ಒಂದು ತಾಮ್ರ ಕೊಟ್ಟರೆ ಯಾವ ದೇವರಿಗೆ ಖುಷಿ?

ರೂನ್‌ಕ್ವೆಸ್ಟ್ ಅನ್ನೋ ಆಟದಲ್ಲಿ ಸಾವಿನ ದೇವರು ಹುಮಾಕ್ಟ್‌ನ ಯೋಧರಿಗೆ ಈ ಥರದ ಒಪ್ಪಂದವೇ ಇದೆ. ಒಂದು ವರ ತಗೊಂಡರೆ ಜೊತೆಗೆ ಒಂದು ಕಟ್ಟುಪಾಡು. ವರ ಬೇಡವಾ, ಕಟ್ಟುಪಾಡೂ ಬೇಡ. ಡಿಎಂ ನಡುವೆ ಬಾಯಿ ಹಾಕುವ ಪ್ರಸಂಗವೇ ಬರಲ್ಲ.

ಕತ್ತಲೆಕಳ್ಳ
ಆ ಮೊಬೈಲ್ ನೋಡುತ್ತಾ ಕೂತ "ಮಿಕ್ಕವರ" ಪರವಾಗಿ ಎರಡು ಮಾತು.

ನಾನು ಯಾವಾಗಲೂ ಕಳ್ಳನ ಪಾತ್ರ ಮಾಡುವವನು. ಪ್ಯಾಲಡಿನ್‌ಗೆ ವ್ರತ ಅಂದರೆ ನನಗೆ ಶಿಕ್ಷೆ. ಬೀಗಕ್ಕೆ ಕೈ ಹಾಕಿದರೆ "ನಾನಿರುವಾಗ ಇದು ನಡೆಯಲ್ಲ". ಕಾವಲುಗಾರನಿಗೆ ಸುಳ್ಳು ಹೇಳಲು ಬಾಯಿ ತೆಗೆದರೆ ಹಿಂದಿನಿಂದ ಇವನು "ಇವನು ಹೇಳುತ್ತಿರುವುದು ಸುಳ್ಳು" ಅನ್ನುತ್ತಾನೆ. ಎಲ್ಲರೂ ಜೈಲು. ಅವನಿಗೆ ಮಾತ್ರ ಕೃಪೆ ಜಾಸ್ತಿ! ಕಷ್ಟ ನಮಗೆ, ಪುಣ್ಯ ಅವನಿಗೆ. ಯಾವ ಸೀಮೆ ನ್ಯಾಯ ಇದು?

ವ್ರತ ಬರೆಯುವುದಾದರೆ ಪ್ರತಿ ಸಾಲೂ "ನಾನು" ಅಂತ ಶುರುವಾಗಲಿ. ನಾನು ಸುಳ್ಳು ಹೇಳುವುದಿಲ್ಲ. ನಾನು ಕದಿಯುವುದಿಲ್ಲ. "ನನ್ನ ಜೊತೆಗಾರರು" ಅನ್ನೋ ಮಾತು ಬಂದ ಕೂಡಲೇ ಹರಿದು ಹಾಕಿ.

ಹಳೇಪುಟ
ಇದಕ್ಕೂ ಹಳೇ ನಿಯಮವೇ ಕಾರಣ. ಕೆಟ್ಟವರ ಜೊತೆ ಸಹವಾಸ ಮಾಡಬಾರದು ಅಂತ ಮೂರನೇ ಆವೃತ್ತಿಯ ಸಂಹಿತೆಯಲ್ಲೂ ಇತ್ತು. ಒಬ್ಬನ ಶೀಟು ಇಡೀ ಟೇಬಲ್ಲನ್ನು ಆಳುತ್ತಿತ್ತು.

ಗುರಾಣಿ_ಗದೆ
@ಕತ್ತಲೆಕಳ್ಳ ಸರಿಯಾದ ಮಾತು. "ನಾನು" ನಿಯಮ ಖಂಡಿತ ತಗೊಳ್ಳುತ್ತೇನೆ.

@ಮೂಲೆದಾಳ ಕಳೆದುಕೊಂಡರೆ ಮಾತ್ರ ಗಳಿಕೆ, ಇದೂ ಹಿಡಿಸಿತು. ಆದರೆ ಗಳಿಸಿದ ಮೇಲೆ ಏನು? ಅದೇ 0ಯಿಂದ 10 ಇಡುವುದಾ?

ಎಣಿಕೆಮನೆ
ದಯವಿಟ್ಟು ಬೇಡ. 8 ದಾಟಿದರೆ ಪ್ರತಿ ದಾಳಿಗೂ +2 ಅಂದರೆ ಅವನು 8ಕ್ಕೆ ಹತ್ತಿ ಅಲ್ಲೇ ಕಲ್ಲಿನ ಹಾಗೆ ಕೂರುತ್ತಾನೆ. ಯಾವ ಅಪಾಯಕ್ಕೂ ಕೈ ಹಾಕಲ್ಲ. ಕೃಪೆ ಕೂಡಿಡುವ ವಸ್ತು ಆಗಬಾರದು, ಖರ್ಚು ಮಾಡುವ ವಸ್ತು ಆಗಬೇಕು.

ಸ್ಮೈಟ್ ಬಂದ್ ಮಾಡುವುದೂ ಬೇಡ. 2014ರ ನಿಯಮದಲ್ಲಿ 11ನೇ ಹಂತಕ್ಕೆ ಫೈಟರ್‌ಗೆ (ಬರೀ ಆಯುಧ ನಂಬಿದ ಯೋಧನಿಗೆ) ಒಂದು ಸರದಿಯಲ್ಲಿ ಮೂರನೇ ಹೊಡೆತ ಸಿಗುತ್ತದೆ. ಪ್ಯಾಲಡಿನ್‌ಗೆ ಕೊನೆವರೆಗೂ ಎರಡೇ, ಬದಲಿಗೆ ಪ್ರತಿ ಹೊಡೆತದ ಮೇಲೂ 1ಡಿ8 (ಎಂಟು ಮುಖದ ಒಂದು ದಾಳದಷ್ಟು) ದೈವೀ ಹಾನಿ. ದೈವ ಕಿತ್ತುಕೊಂಡರೆ ಉಳಿಯುವುದು ಒಬ್ಬ ಅರೆಬರೆ ಫೈಟರ್. ಆಟಗಾರ ಸುಮ್ನೆ ಬಂದು ಕೂರಬೇಕು.

ನಾನು ಬಳಸುವುದು ಕುಗ್ಗುವ ದಾಳ. ಕೃಪೆ ಒಂದು ಡಿ8 ಅಂದುಕೊಳ್ಳಿ. ಸಹಾಯ ಬೇಕಾದಾಗ ದೇವರನ್ನು ಕರೆದು ಅದನ್ನು ಉರುಳಿಸಿ, ಬಂದಿದ್ದನ್ನು ಡಿ20ಗೆ (ಕೆಲಸ ಆಯ್ತೋ ಇಲ್ಲವೋ ಹೇಳುವ ಇಪ್ಪತ್ತು ಮುಖದ ದಾಳಕ್ಕೆ) ಸೇರಿಸಿ. 1 ಅಥವಾ 2 ಬಂದರೆ ದಾಳ ಒಂದು ಮೆಟ್ಟಿಲು ಇಳಿಯುತ್ತದೆ. ಡಿ8 ಹೋಗಿ ಡಿ6, ಆಮೇಲೆ ಡಿ4, ಆಮೇಲೆ ಖಾಲಿ. ಲೆಕ್ಕ ಸುಲಭ. ಡಿ8 ಇಳಿಯಲು ಸರಾಸರಿ 4 ಸಲ ಉರುಳಿಸಬೇಕು, ಡಿ6ಗೆ 3, ಡಿ4ಗೆ 2. ಒಟ್ಟು ಸರಾಸರಿ 9 ಸಲ ದೇವರನ್ನು ಕರೆಯಬಹುದು. ಡಿ12ರಿಂದ ಶುರು ಮಾಡಿದರೆ 20 ಸಲ.

ವ್ರತಕ್ಕಾಗಿ ಏನಾದರೂ ಕಳೆದುಕೊಂಡರೆ ಒಂದು ಮೆಟ್ಟಿಲು ಮೇಲೆ. ವ್ರತ ಮುರಿದರೆ ಒಂದು ಕೆಳಗೆ. ಶೀಟಿನಲ್ಲಿ ಉಜ್ಜಿ ಬರೆಯುವ ಕೆಲಸವೂ ಇಲ್ಲ, ಮುಂದೆ ಇಟ್ಟಿರುವ ದಾಳ ಬದಲಾಯಿಸಿದರೆ ಆಯ್ತು.

ಅರೆನಿದ್ರೆ
1 ಬಂದರೆ ಸಹಾಯವೂ ಒಂದೇ ಒಂದು, ದಾಳವೂ ಚಿಕ್ಕದಾಗುತ್ತದೆ. ಗಾಯದ ಮೇಲೆ ಬರೆ. ಉಲ್ಟಾ ಮಾಡಿ ನೋಡಿ. ದೊಡ್ಡ ಎರಡು ಮುಖ ಬಂದರೆ ಇಳಿಯಲಿ. ಡಿ8ರಲ್ಲಿ 7 ಅಥವಾ 8. ದೇವರು ದೊಡ್ಡ ಕೃಪೆ ತೋರಿದ, ಇನ್ನು ಸ್ವಲ್ಪ ಕಾಲ ಕೈ ಚಾಚಬೇಡ ಅಂತ.

ಎಣಿಕೆಮನೆ
ಅಯ್ಯೋ, ಇದು ಚೆನ್ನಾಗಿದೆ. ಎರಡು ಮುಖ ಅಂದರೆ ಎರಡೇ, ಮೇಲಿನದಾದರೂ ಕೆಳಗಿನದಾದರೂ. ಸರಾಸರಿ ಅದೇ 9. ಅನುಭವ ಮಾತ್ರ ಪೂರ್ತಿ ಬೇರೆ. ಮೊದಲನೆಯದರಲ್ಲಿ ದಾಳ ಇಳಿದಾಗ ಆಟಗಾರ ಗೊಣಗುತ್ತಾನೆ. ಇದರಲ್ಲಿ ಕುಣಿದಾಡಿ ಆಮೇಲೆ ದಾಳ ಕೊಡುತ್ತಾನೆ.

ಅತಿ ದೊಡ್ಡ ಒಂದೇ ಮುಖಕ್ಕೆ ಇಳಿಸಲು ಹೋಗಬೇಡಿ. 8 ಸೇರಿಸು 6 ಸೇರಿಸು 4, ಸರಾಸರಿ 18 ಸಲ. ಯಾವತ್ತೂ ಮುಗಿಯಲ್ಲ.

ಡಿ8 ಸರಾಸರಿ 4.5. ಡಿ20ಯಲ್ಲಿ ಒಂದೊಂದು ಅಂಕಕ್ಕೂ 5% ಅವಕಾಶ ಹೆಚ್ಚುತ್ತದೆ, ಹಾಗಾಗಿ ಸುಮಾರು 22% ಜಾಸ್ತಿ. ಬ್ಲೆಸ್ ಸ್ಪೆಲ್ ಕೊಡುವುದು ಡಿ4, ಅಂದರೆ ಸರಾಸರಿ 2.5. ಅದಕ್ಕಿಂತ ಜೋರು, ಆದರೆ ಬ್ಲೆಸ್ ಮೂರು ಜನಕ್ಕೆ ಹಲವು ಸುತ್ತು ಇರುತ್ತದೆ, ಇದು ಒಬ್ಬನಿಗೆ ಒಂದೇ ರೋಲ್. ಆಟ ಹಾಳಾಗಲ್ಲ.

ಸುಮ್ನೆ_ಬಂದೆ
ಮೇಲೆ ಯಾರೋ ಕುದುರೆ ಕಿತ್ತುಕೊಳ್ಳುತ್ತೇನೆ ಅಂದರು. ಕುದುರೆ ಯಾಕೆ ಬಂತು ಇಲ್ಲಿ?

ಹಳೇಪುಟ
ಹಳೇ ಅಡ್ವಾನ್ಸ್ಡ್ ನಿಯಮದಲ್ಲಿ 4ನೇ ಹಂತಕ್ಕೆ ಬಂದ ಪ್ಯಾಲಡಿನ್ ಒಂದು ವಿಶೇಷ ಯುದ್ಧದ ಕುದುರೆಯನ್ನು ಕರೆಯಬಹುದಿತ್ತು. ಹತ್ತು ವರ್ಷಕ್ಕೆ ಒಂದೇ. ಸತ್ತರೆ ಮುಂದಿನ ದಶಕದವರೆಗೆ ಕಾಯಬೇಕು.

ಕತ್ತಲೆಕಳ್ಳ
ಹತ್ತು ವರ್ಷಕ್ಕೊಂದು ಕುದುರೆ, ಅದೂ ನೆಲಮಾಳಿಗೆಯಲ್ಲಿ ನಡೆಯುವ ಆಟದಲ್ಲಿ. ನಮ್ಮ ಗುಂಪಿನವರು ಅದನ್ನು ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಲು ಹೋಗಿ ಇಡೀ ಸಂಜೆ ಕಳೆದಿದ್ದಾರೆ. ರಾಕ್ಷಸರೆಲ್ಲ ಕೆಳಗೆ ಕಾಯುತ್ತಾ ಇದ್ದರು.

ಸುಮ್ನೆ_ಬಂದೆ
ಇಳಿಯಿತಾ?

ಕತ್ತಲೆಕಳ್ಳ
ಇಳಿಯಿತು. ಹತ್ತಲಿಲ್ಲ.

ಮಾಡರೇಟರ್
ಕುದುರೆಗೆ ಬೇರೆ ಎಳೆ ಶುರು ಮಾಡಿ ದಯವಿಟ್ಟು. ಇಲ್ಲಿ ಕೃಪೆ.

ನೀಲಿಮಸಿ
ನಾನು ಡಂಜನ್ ಕ್ರಾಲ್ ಕ್ಲಾಸಿಕ್ಸ್ ಅನ್ನೋ ಆಟ ನಡೆಸುತ್ತೇನೆ, 2012ರದು. ಅದರ ಕ್ಲೆರಿಕ್ ನಿಯಮ ನಿಮಗೆ ಉಪಯೋಗಕ್ಕೆ ಬರಬಹುದು. ಸ್ಪೆಲ್‌ಗೆ ಲೆಕ್ಕವೇ ಇಲ್ಲ, ಎಷ್ಟು ಸಲ ಬೇಕಾದರೂ ಹಾಕಿ. ಆದರೆ ದಿನದ ಮೊದಲಿಗೆ, ಸ್ಪೆಲ್ ಹಾಕಲು ಉರುಳಿಸುವ ಡಿ20ಯಲ್ಲಿ 1 ಬಂದರೆ ದೇವರ ಅಸಮಾಧಾನ. ಒಂದು ಸ್ಪೆಲ್ ವಿಫಲವಾದರೆ ಅದು 1-2 ಆಗುತ್ತದೆ, ಇನ್ನೊಂದಾದರೆ 1-3. ನಾಲ್ಕು ಸಲ ವಿಫಲವಾದವನು 5ರೊಳಗೆ ಬಂದರೆ ಸಿಕ್ಕಿಬಿದ್ದ, ಅಂದರೆ 25%. ಮರುದಿನ ಮತ್ತೆ 1ಕ್ಕೆ. ಮಧ್ಯದಲ್ಲೇ ತಗ್ಗಿಸಬೇಕಾ, 50 ಚಿನ್ನದ ನಾಣ್ಯದ ಬೆಲೆಯದ್ದನ್ನು ಬಲಿ ಕೊಟ್ಟರೆ ಒಂದು ಇಳಿಯುತ್ತದೆ.

ಇದು ಟೇಬಲ್ ಮೇಲೆ ಹೇಗಿರುತ್ತದೆ ಹೇಳುತ್ತೇನೆ. ನಮ್ಮ ಕ್ಲೆರಿಕ್ ಅಸಮಾಧಾನ 6ಕ್ಕೆ ಏರಿತ್ತು. ಪಕ್ಕದಲ್ಲಿ ಫೈಟರ್ ರಕ್ತ ಸುರಿಸುತ್ತಾ ಬಿದ್ದಿದ್ದಾನೆ. ಅವಳು ದಾಳವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸುಮಾರು ಹೊತ್ತು ಕೂತಳು. ಯಾರೂ ಮಾತಾಡಲಿಲ್ಲ. ಆಮೇಲೆ ತನ್ನ ಬೆಳ್ಳಿ ಗುರಾಣಿ ತೆಗೆದು "ಇದನ್ನು ಬೆಂಕಿಗೆ ಹಾಕುತ್ತೇನೆ, ಎಷ್ಟು ಇಳಿಸುತ್ತೀರಿ?" ಅಂದಳು. ಆ ಗುರಾಣಿಗಾಗಿ ಅವಳು ಒಂದು ಇಡೀ ಗುಹೆ ಖಾಲಿ ಮಾಡಿದ್ದಳು. ನಾನು ಒಂದು ಮಾತು ನೀತಿ ಹೇಳಲಿಲ್ಲ. ನಿಯಮವೇ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿತು.

@ಎಣಿಕೆಮನೆಯ ದಾಳಕ್ಕೆ ನನ್ನದೊಂದು ಸೇರ್ಪಡೆ: ಬಲಿ ಇರಲಿ. ದಾಳ ಖಾಲಿಯಾದ ಮೇಲೂ ಒಂದು ದಾರಿ ಬೇಕು.

ಇಪ್ಪತ್ತುಮುಖ
ಇದೆಲ್ಲ ಸರಿ, ಆದರೆ ಎಲ್ಲ ಬೆಲೆಯನ್ನೂ ಮೊದಲೇ ಬೋರ್ಡ್ ಹಾಕಿ ತೋರಿಸಿದರೆ ದೇವರಿಗೂ ಅಂಗಡಿಗೂ ಏನು ವ್ಯತ್ಯಾಸ? ನಾನು ಅಂಕವನ್ನು ಗುಟ್ಟಾಗಿ ಇಡುತ್ತೇನೆ. ದೇವರಿಗೆ ಏನನ್ನಿಸಿದೆ ಅಂತ ಭಕ್ತನಿಗೆ ಗೊತ್ತಿರಬಾರದು. ಅದೇ ಭಕ್ತಿ, ಅದೇ ಭಯ.

ನೀಲಿಮಸಿ
ಗುಟ್ಟಾಗಿಟ್ಟರೆ ಆಟಗಾರನಿಗೆ ದೇವರ ಭಯ ಬರಲ್ಲ, ನಿಮ್ಮ ಮೇಲೆ ಅನುಮಾನ ಬರುತ್ತದೆ. ರಾಕ್ಷಸನ ಮುಂದೆ ನಿಂತಾಗ "ಸ್ಮೈಟ್ ಕೆಲಸ ಮಾಡಲಿಲ್ಲ, ನಿನ್ನ ಕೃಪೆ ಮುಗಿದಿದೆ" ಅಂದರೆ ಅವನಿಗೆ ಅನ್ನಿಸುವುದು ಒಂದೇ, ಡಿಎಂ ಈಗ ತಾನೇ ಇದನ್ನು ಹುಟ್ಟುಹಾಕಿದ.

ರಹಸ್ಯ ಬೇಕಾದರೆ ಸಂಕೇತ ಕೊಡಿ. ಕೆಲಸ ಆದ ಮೇಲೆ ಅಲ್ಲ, ಮುಂಚೆ. ಕಟ್ಟಿಹಾಕಿದವನ ಮೇಲೆ ಕತ್ತಿ ಎತ್ತಿದಾಗ ಅಲಗಿನ ಹೊಳಪು ಮಂಕಾಯಿತು ಅನ್ನಿ. ಹಿಡಿ ತಣ್ಣಗಾಯಿತು ಅನ್ನಿ. ಆಮೇಲೆ ಕೇಳಿ, "ಹೊಡೆಯುತ್ತೀಯಾ?" ಹೊಡೆದರೆ ಪಾಪ ಅವನದು.

ಇಪ್ಪತ್ತುಮುಖ
ಕತ್ತಿಯ ಹೊಳಪು ಒಪ್ಪಿದೆ. ಅಂಗಡಿ ಒಪ್ಪಿಲ್ಲ.

ಗಡಿಯಾಚೆ
ಪೆಂಡ್ರಾಗನ್ ಯಾರೂ ಹೇಳಲೇ ಇಲ್ಲವಲ್ಲ! 1985ರಲ್ಲೇ ಇದಕ್ಕೆ ಬೇರೆ ಉತ್ತರ ಕೊಟ್ಟ ಆಟ. ಗುಣಗಳು ಜೋಡಿ ಜೋಡಿಯಾಗಿ ಇರುತ್ತವೆ. ದಯೆ ಮತ್ತು ಕ್ರೌರ್ಯ, ವಿನಯ ಮತ್ತು ಅಹಂಕಾರ, ಹೀಗೆ 13 ಜೋಡಿ. ಎರಡೂ ಸೇರಿ 20. ದಯೆ 14 ಆದರೆ ಕ್ರೌರ್ಯ 6. ನೀವು ಹೇಗೆ ನಡೆದುಕೊಳ್ಳುತ್ತೀರೋ ಹಾಗೆ ಅಂಕ ಸರಿಯುತ್ತದೆ. ಪ್ರತಿ ಧರ್ಮಕ್ಕೂ ಮುಖ್ಯವಾದ ಐದು ಗುಣ ಇವೆ. ಐದರಲ್ಲೂ ಮೇಲೆ ಹೋದ ನೈಟ್‌ಗೆ ಧಾರ್ಮಿಕ ಬಲ ಸಿಗುತ್ತದೆ. ಕ್ರೈಸ್ತನಿಗೆ ವಿನಯ ಬೇಕು, ಪೇಗನ್‌ಗೆ ಅಹಂಕಾರವೇ ಗುಣ.

ಮಜಾ ಏನೆಂದರೆ, ದಯೆ 18 ಇರುವವನು ಕೆಲವೊಮ್ಮೆ ಸೆರೆಯಾಳನ್ನು ಕೊಲ್ಲಬೇಕು ಅಂದುಕೊಂಡರೂ ಡಿ20 ಉರುಳಿಸಬೇಕಾಗುತ್ತದೆ. 18ರೊಳಗೆ ಬಂದರೆ ಕೈ ಏಳಲ್ಲ. ಸಂತನಾಗುವುದಕ್ಕೂ ಬೆಲೆ ಇದೆ.

ಮೂಲೆದಾಳ
ನನ್ನ ಪಾತ್ರ ಏನು ಮಾಡಬೇಕು ಅಂತ ದಾಳ ಹೇಳಿದರೆ ನಾನು ಯಾಕೆ ಬರಬೇಕು ಆಟಕ್ಕೆ?

ಗಡಿಯಾಚೆ
ಭಯದ ಸೇವಿಂಗ್ ಥ್ರೋ (ಪಾರಾಗಲು ಉರುಳಿಸುವ ದಾಳ) ವಿಫಲವಾದರೆ ಓಡುತ್ತೀರಲ್ಲ, ಆಗ ಕೇಳಲ್ಲ. ದಯೆ ಅಂದ ಕೂಡಲೇ ಸ್ವಾತಂತ್ರ್ಯ ನೆನಪಾಗುತ್ತದೆ.

ಮೂಲೆದಾಳ
ಭಯ ಹೊರಗಿನಿಂದ ಬಂದಿದ್ದು. ದಯೆ ನನ್ನದು. ಎರಡೂ ಒಂದೇ ಅಲ್ಲ.

ಅರೆನಿದ್ರೆ
ಇವರಿಬ್ಬರೂ ಹೀಗೇ ರಾತ್ರಿ ಕಳೆಯುತ್ತಾರೆ. @ಗುರಾಣಿ_ಗದೆ, ಇನ್ನೊಂದು ವಿಷಯ. ಎರಡು ವ್ರತ ಡಿಕ್ಕಿ ಹೊಡೆದರೆ ಏನು ಮಾಡುತ್ತೀರಿ? "ಸುಳ್ಳು ಹೇಳಲ್ಲ", "ಶರಣು ಬಂದವರನ್ನು ಬಿಟ್ಟುಕೊಡಲ್ಲ" ಎರಡೂ ಇದೆ. ಬಾಗಿಲಲ್ಲಿ ಸೈನಿಕರು, ಮಂಚದ ಕೆಳಗೆ ಹುಡುಗ. ಇಂಥ ಬೋನು ಇಡುವುದೇ ಕೆಲವು ಡಿಎಂಗಳಿಗೆ ಚಟ. ಏನು ಮಾಡಿದರೂ ಪ್ಯಾಲಡಿನ್ ಬೀಳಬೇಕು.

ನೀಲಿಮಸಿ
ನಮ್ಮಲ್ಲಿ ಡಿಕ್ಕಿ ಆದಾಗ ದಾಳ ಇಳಿಸಲ್ಲ. ಆಟಗಾರ ಒಂದು ವ್ರತ ಆರಿಸಿಕೊಳ್ಳುತ್ತಾನೆ, ಯಾಕೆ ಅಂತ ದೇವರಿಗೆ ಒಂದು ವಾಕ್ಯದಲ್ಲಿ ಹೇಳುತ್ತಾನೆ, ಪಟ್ಟಿಯಲ್ಲಿ ಅದು ಮೇಲಕ್ಕೆ ಹೋಗುತ್ತದೆ. ಮುಂದಿನ ಸಲ ಅದೇ ಎರಡು ಸಿಕ್ಕಿಕೊಂಡರೆ ಮೇಲಿನದೇ ನಡೆಯಬೇಕು. ಹೋಗ್ತಾ ಹೋಗ್ತಾ ಪಟ್ಟಿಯ ಕ್ರಮ ನೋಡಿದರೇ ಅವನು ಎಂಥ ಯೋಧ ಅಂತ ಗೊತ್ತಾಗುತ್ತದೆ.

ಇಪ್ಪತ್ತುಮುಖ
ಇದನ್ನು ನಾನು ಕದಿಯುತ್ತಿದ್ದೇನೆ.

ಕತ್ತಲೆಕಳ್ಳ
ಕದಿಯುವ ಹಕ್ಕು ನನ್ನದು ಮಾತ್ರ.

ಗುರಾಣಿ_ಗದೆ
ಸರಿ, ಮುಂದಿನ ಸೆಷನ್‌ಗೆ ಇದನ್ನು ಹಿಡಿದುಕೊಂಡು ಹೋಗುತ್ತೇನೆ. ತೂತು ಇದ್ದರೆ ಈಗಲೇ ಹೇಳಿ.

ಹಗಲೊಡೆಯನಿಗೆ ನಾನು ಬರೆದ ಎರಡು ನಿಷೇಧ: ಶರಣಾದವನನ್ನು ಕೊಲ್ಲಬಾರದು, ಕತ್ತಲಲ್ಲಿ ಹಿಂದಿನಿಂದ ಹೊಡೆಯಬಾರದು. ಇನ್ನೆರಡು ಆಟಗಾರ ಬರೆಯುತ್ತಾನೆ, "ನಾನು" ಅಂತ ಶುರು ಮಾಡಿ. ಕೃಪೆ ಡಿ6ರಿಂದ ಶುರು, ಗರಿಷ್ಠ ಡಿ10. ಯಾವ ಡಿ20 ರೋಲ್‌ಗೆ ಬೇಕಾದರೂ ಸೇರಿಸಬಹುದು, ಆದರೆ ಜೋರಾಗಿ ದೇವರ ಹೆಸರು ಹೇಳಬೇಕು, ಸುತ್ತಲಿನವರಿಗೆ ಕೇಳಿಸುತ್ತದೆ. ದೊಡ್ಡ ಎರಡು ಮುಖ ಬಂದರೆ ಒಂದು ಮೆಟ್ಟಿಲು ಕೆಳಗೆ. ವ್ರತಕ್ಕಾಗಿ ಏನಾದರೂ ಕಳೆದುಕೊಂಡರೆ ಮೇಲೆ, ಸೆಷನ್‌ಗೆ ಒಂದೇ ಸಲ. ನಿಷೇಧ ಮುರಿಯುವ ಮುಂಚೆ ಸಂಕೇತ, ಮುರಿದರೆ ಕೆಳಗೆ. ಡಿ4 ಕೂಡ ಹೋದರೆ ಬಲಿ ಕೊಟ್ಟು ಮರಳಿ ಪಡೆಯಬಹುದು, ಕೊಡುವ ವಸ್ತು ನಿಜವಾಗಿಯೂ ಬಳಕೆಯಲ್ಲಿದ್ದದ್ದಾಗಿರಬೇಕು. ಸ್ಮೈಟ್‌ಗೂ ಇದಕ್ಕೂ ಸಂಬಂಧ ಇಲ್ಲ.

ಕತ್ತಲೆಕಳ್ಳ
"ಹಿಂದಿನಿಂದ ಹೊಡೆಯಬಾರದು" ಅವನಿಗೆ ಮಾತ್ರ ತಾನೆ? ನಾನು ಊಟಕ್ಕೆ ದಾರಿ ಮಾಡಿಕೊಳ್ಳುವುದೇ ಅದರಲ್ಲಿ.

ಗುರಾಣಿ_ಗದೆ
ಅವನಿಗೆ ಮಾತ್ರ.

ಎಣಿಕೆಮನೆ
ಡಿ6ರಿಂದ ಶುರು ಅಂದರೆ ಸರಾಸರಿ 5 ಸಲ, ಮೇಲೆ ಹತ್ತದಿದ್ದರೆ. ಒಂದೇ ಸೆಷನ್‌ನಲ್ಲಿ ಖಾಲಿಯಾಗುವ ಸಾಧ್ಯತೆ ಇದೆ. ಅದು ನಿಮಗೆ ಪರವಾಗಿಲ್ಲ ಅಂದರೆ ಸರಿ. ಮತ್ತೆ, ರೋಲ್ ಮಾಡುವ ಮುಂಚೆ ಸೇರಿಸಬೇಕಾ, ಫಲ ನೋಡಿದ ಮೇಲಾ? ಅದನ್ನು ಬರೆದಿಲ್ಲ. ನೋಡಿದ ಮೇಲೆ ಅಂದರೆ ಶಕ್ತಿ ತುಂಬಾ ಜಾಸ್ತಿ ಆಗುತ್ತದೆ, ಒಂದೂ ವ್ಯರ್ಥ ಹೋಗಲ್ಲ.

ಗುರಾಣಿ_ಗದೆ
ಮುಂಚೆ. ನಂಬಿಕೆ ಇದ್ದರೆ ಮುಂಚೆಯೇ ಕರೆಯಲಿ.

ಸುಮ್ನೆ_ಬಂದೆ
ಒಂದೇ ಗುಂಪಿನಲ್ಲಿ ಒಂದೇ ದೇವರ ಇಬ್ಬರು ಪ್ಯಾಲಡಿನ್ ಇದ್ದರೆ? ನಮ್ಮಲ್ಲಿ ಹಾಗಿದೆ.

ನೀಲಿಮಸಿ
ಇಬ್ಬರಿಗೂ ಬೇರೆ ದಾಳ, ಬೇರೆ ವ್ರತ. ಒಬ್ಬ ತನ್ನ ದಾಳವನ್ನು ಇನ್ನೊಬ್ಬನ ರೋಲ್‌ಗೆ ಉರುಳಿಸಬಹುದು, ಇಳಿದರೆ ಕೊಟ್ಟವನದೇ ಇಳಿಯುತ್ತದೆ. ಜಗಳ ಆಡಿದರೆ ಬಂದು ಹೇಳಿ, ಓದಲು ಕಾಯುತ್ತಿರುತ್ತೇವೆ.